ಗೆದ್ದರೂ ಗದ್ದುಗೆ ದಕ್ಕದವರು

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬೂಕರ್ ಎಂಬ ಹೆಸರು ಕನ್ನಡದ ಮನೆಮನೆಯಲ್ಲೂ ಕೇಳಿಬಂತು. ಯಾರು ಈ ಬೂಕರ್? ಕವಿಯಲ್ಲ, ಕಾದಂಬರಿಕಾರರೂ ಅಲ್ಲ. ಅದೊಂದು ವ್ಯಾಪಾರಿ ಕಂಪನಿ. 1969ರಲ್ಲಿ ಮೊದಲ ಬೂಕರ್ ಪ್ರಶಸ್ತಿ ಕೊಟ್ಟಾಗ ಹಣ ಹಾಕಿದ್ದು ಬೂಕರ್ ಮೆಕಾನೆಲ್ ಎಂಬ ಬ್ರಿಟಿಷ್ ಸಂಸ್ಥೆ. ಅದು ಬೆಳೆದದ್ದು ಬ್ರಿಟಿಷ್ ಗಯಾನಾದ ಕಬ್ಬಿನ ತೋಟಗಳಲ್ಲಿ. ಪ್ರಶಸ್ತಿಯ ಹಣ ಈಗ ಬೇರೆಯವರದು. ಹೆಸರು ಮಾತ್ರ ಹಾಗೇ ಇದೆ.

ಒಂದು ಕಾಲಕ್ಕೆ ಆ ದೇಶದ ಸಕ್ಕರೆ ತೋಟಗಳಲ್ಲಿ ಹೆಚ್ಚಿನವು ಬೂಕರ್ಸ್ ಕಂಪನಿಯವು. ಅಂಗಡಿ ಅವರದು. ಹಡಗು ಅವರದು. ಬ್ರಿಟಿಷ್ ಗಯಾನಾ ಅನ್ನುವ ಬದಲು ಜನ ಬೂಕರ್ಸ್ ಗಯಾನಾ ಅನ್ನುತ್ತಿದ್ದರು. ಆ ನೆಲದ ಕಬ್ಬಿನ ತೋಟದಲ್ಲೇ ಹುಟ್ಟಿ, ಆ ತೋಟದ ದೊರೆಗಳನ್ನೇ ಎದುರುಹಾಕಿಕೊಂಡ ಒಬ್ಬರ ಕತೆಯನ್ನು ಇವತ್ತು ಹೇಳುತ್ತೇನೆ. ಅವರ ಹೆಸರು ಛೆಡ್ಡಿ ಜಗನ್. ಅವರು ಮೂರು ಸಲ ಚುನಾವಣೆ ಗೆದ್ದರು. ಮೂರು ಸಲವೂ ಪೂರ್ತಿ ಅಧಿಕಾರ ಅವರ ಕೈಗೆ ದಕ್ಕಲಿಲ್ಲ. ಆಮೇಲೆ 28 ವರ್ಷ ವಿರೋಧ ಪಕ್ಷದಲ್ಲಿ ಕೂತರು. ಕೊನೆಗೆ ಮತ್ತೆ ಗೆದ್ದರು.

ಗಯಾನಾ ಎಲ್ಲಿದೆ? ಭೂಪಟ ನಿಮ್ಮ ಮುಂದಿಲ್ಲ, ಮಾತಿನಲ್ಲೇ ಹೇಳುತ್ತೇನೆ. ದಕ್ಷಿಣ ಅಮೆರಿಕ ಖಂಡದ ಬಡಗಣ ಅಂಚು. ಒಂದು ಕಡೆ ವೆನಿಜುವೆಲಾ, ಇನ್ನೊಂದು ಕಡೆ ಸುರಿನಾಮ್, ಬೆನ್ನಿಗೆ ಬ್ರೆಜಿಲ್. ನೆಲ ಖಂಡದ್ದಾದರೂ ಬದುಕು ಕೆರಿಬಿಯನ್ ದ್ವೀಪಗಳದ್ದು. ಆಡುವುದು ಇಂಗ್ಲಿಷ್, ಆಟ ಕ್ರಿಕೆಟ್. ಕೆರಿಬಿಯನ್ ರಾಷ್ಟ್ರಗಳ ಒಕ್ಕೂಟದ ಕಚೇರಿ ಇರುವುದೂ ಇದರ ರಾಜಧಾನಿ ಜಾರ್ಜ್‌ಟೌನ್‌ನಲ್ಲೇ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದು. ಜನ ಮಾತ್ರ ಸುಮಾರು ಎಂಟು ಲಕ್ಷ. ಅವರಲ್ಲೂ ಬಹುಪಾಲು ಸಮುದ್ರದ ದಂಡೆಯ ಕಿರಿದಾದ ಪಟ್ಟಿಯಲ್ಲಿದ್ದಾರೆ. ಉಬ್ಬರದ ಹೊತ್ತಿಗೆ ಆ ಪಟ್ಟಿ ಕಡಲಿಗಿಂತ ತಗ್ಗು. ಹಿಂದೆ ಡಚ್ಚರು ಆರಂಭಿಸಿದ ಒಡ್ಡು, ತೂಬುಗಳ ವ್ಯವಸ್ಥೆ ನೀರನ್ನು ತಡೆದು ನಿಲ್ಲಿಸಿದೆ.

ಈ ತಗ್ಗು ನೆಲದಲ್ಲಿ ಕಬ್ಬು ಬೆಳೆಸಲು ಮೊದಲು ಆಫ್ರಿಕದಿಂದ ಗುಲಾಮರನ್ನು ತಂದರು. ಗುಲಾಮಗಿರಿ ನಿಂತ ಮೇಲೆ ಭಾರತದಿಂದ ಕರಾರು ಕೂಲಿಗಳನ್ನು ತಂದರು. 1838ರಿಂದ 1917ರವರೆಗೆ ಹೀಗೆ ಹೋದವರು ಸುಮಾರು ಎರಡು ಲಕ್ಷ 40 ಸಾವಿರ ಜನ.

1901ರಲ್ಲಿ ಹೋದ ಹಡಗೊಂದರಲ್ಲಿ ಇಂದಿನ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯ ಇಬ್ಬರು ತಾಯಂದಿರಿದ್ದರು. ಒಬ್ಬಾಕೆಯ ಮಡಿಲಲ್ಲಿ ಗಂಡುಮಗು, ಇನ್ನೊಬ್ಬಾಕೆಯ ಮಡಿಲಲ್ಲಿ ಹೆಣ್ಣುಮಗು. ಆ ಮಕ್ಕಳು ಬೆಳೆದು ಮದುವೆಯಾದರು. ಅವರ ಹಿರಿಯ ಮಗನೇ ಛೆಡ್ಡಿ ಜಗನ್. ಹುಟ್ಟಿದ್ದು 1918ರ ಮಾರ್ಚ್ 22ರಂದು, ಪೋರ್ಟ್ ಮೌರಂಟ್ ಎಂಬ ತೋಟದಲ್ಲಿ. ಕ್ರಿಕೆಟ್ ಬಲ್ಲವರಿಗೆ ಈ ಊರು ಹೊಸದಲ್ಲ. ರೋಹನ್ ಕನ್ಹಾಯ್, ಬೆಸಿಲ್ ಬುಚರ್, ಜೋ ಸಾಲೊಮನ್ ಅಲ್ಲಿಯವರೇ. 1974ರಲ್ಲಿ ಬೆಂಗಳೂರಿನ ಕ್ರೀಡಾಂಗಣದ ಮೊದಲ ಟೆಸ್ಟ್ ಪಂದ್ಯದಲ್ಲಿ ಶತಕ ಹೊಡೆದ ಕಾಳಿಚರಣ್ ಕೂಡ ಆ ಕಡೆಯವರೇ. ಕಾಮೆಂಟರಿ ಕೇಳಿದ ಹಿರಿಯರಿಗೆ ನೆನಪಿರಬಹುದು.

ತೋಟದ ಬದುಕು ಹೇಗಿತ್ತು? ಎತ್ತರದಲ್ಲಿ ಬಿಳಿಯ ಮ್ಯಾನೇಜರರ ಬಂಗಲೆ, ಅಲ್ಲಿ ವಿದ್ಯುತ್ ದೀಪ. ಸ್ವಲ್ಪ ಕೆಳಗೆ ಮೇಲ್ವಿಚಾರಕರ ಮನೆಗಳು. ಎಲ್ಲಕ್ಕಿಂತ ಕೆಳಗೆ ಕೂಲಿಗಳ ಲೈನು ಮನೆಗಳು. ಹಿಂದೆ ಗುಲಾಮರಿದ್ದ ಗುಡಿಸಲ ಸಾಲಿನಲ್ಲೇ ಈಗ ಭಾರತದವರು. ಹಬ್ಬದ ದಿನ ಮ್ಯಾನೇಜರರ ಹೆಂಡತಿ ಕಿಟಕಿಯಿಂದ ಚಿಲ್ಲರೆ ಕಾಸು ತೂರುತ್ತಿದ್ದರು. ಕೆಳಗೆ ಕೂಲಿಗಳ ಮಕ್ಕಳು ಮುಗಿಬಿದ್ದು ಆಯ್ದುಕೊಳ್ಳುತ್ತಿದ್ದರು. ಜಗನ್ ಆ ದೃಶ್ಯವನ್ನು ಮುಂದೆ ತಮ್ಮ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾರೆ. ಅಪ್ಪ ಕಬ್ಬು ಕಡಿಯುತ್ತಲೇ ಮೇಸ್ತ್ರಿಯಾದವರು. ಮಗನನ್ನು ಓದಿಸಿದರು. ಮಗ ಜಾರ್ಜ್‌ಟೌನ್‌ನ ಕ್ವೀನ್ಸ್ ಕಾಲೇಜು ಮುಗಿಸಿ 1936ರಲ್ಲಿ ಅಮೆರಿಕಕ್ಕೆ ಹೋದರು. ಮೊದಲು ವಾಷಿಂಗ್ಟನ್‌ನಲ್ಲಿ ಕಪ್ಪು ಜನರ ಹವರ್ಡ್ ವಿಶ್ವವಿದ್ಯಾಲಯ, ಆಮೇಲೆ ಷಿಕಾಗೊದಲ್ಲಿ ದಂತವೈದ್ಯ ಶಿಕ್ಷಣ. ಖರ್ಚಿಗೆ ಲಿಫ್ಟ್ ನಡೆಸುವಂಥ ಕೆಲಸಗಳನ್ನೂ ಮಾಡಿದರು. ಅಲ್ಲೇ ಜಾನೆಟ್ ರೋಸನ್‌ಬರ್ಗ್ ಎಂಬ ಯಹೂದಿ ಹುಡುಗಿಯನ್ನು ಮದುವೆಯಾದರು. ಎರಡು ಮನೆಯವರೂ ಒಪ್ಪಲಿಲ್ಲ. 1943ರಲ್ಲಿ ಊರಿಗೆ ಮರಳಿ ಜಾರ್ಜ್‌ಟೌನ್‌ನಲ್ಲಿ ಹಲ್ಲಿನ ದವಾಖಾನೆ ತೆರೆದರು. ಜಾನೆಟ್ ಅಲ್ಲಿ ನರ್ಸ್. ಗಂಡ ಹೆಂಡತಿ ಇಬ್ಬರೂ ಎಡಪಂಥೀಯರು. ರೋಗಿಗಳು ಹಲ್ಲು ಕೀಳಿಸಿಕೊಳ್ಳಲು ಬಂದರೆ ರಾಜಕೀಯ ಭಾಷಣವೂ ಜೊತೆಗೆ ಸಿಕ್ಕಿರಬೇಕು ಎಂದು ನನ್ನ ಊಹೆ.

ಇಷ್ಟಾಯಿತು ಹಿನ್ನೆಲೆ. ತೋಟದ ಕೂಲಿಯ ಮಗ, ದಂತವೈದ್ಯ, 1947ರಲ್ಲಿ ಶಾಸನ ಸಭೆಗೆ ಆಯ್ಕೆಯಾದ. ಆಗ ಆಸ್ತಿ, ಆದಾಯ ಇದ್ದವರಿಗೆ ಮಾತ್ರ ಮತ. ಸಭೆಯಲ್ಲಿ ಜಗನ್ ಹೆಚ್ಚುಕಡಿಮೆ ಒಂಟಿ. ಅವರನ್ನು ಜನನಾಯಕರನ್ನಾಗಿ ಮಾಡಿದ್ದು ಮರುವರ್ಷದ ಒಂದು ಗೋಲಿಬಾರ್.

ಅದು ಎನ್‌ಮೋರ್ ಎಂಬ ತೋಟದ ಘಟನೆ. ಜಗಳ ಕೇಳಲು ಚಿಕ್ಕದು. ಮೊದಲು ಕೂಲಿಯವರು ಕಬ್ಬು ಕಡಿದು ನೆಲಕ್ಕೆ ಹಾಕಿದರೆ ಸಾಕಿತ್ತು. ಮಾಲೀಕರು ಹೊಸ ಕ್ರಮ ತಂದರು. ಕಡಿದವನೇ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಕಾಲುವೆಯ ದೋಣಿಗೆ ತುಂಬಬೇಕು. ಅಲ್ಲಿ ಕಬ್ಬು ಸಾಗುವುದು ಗಾಡಿಯಲ್ಲಲ್ಲ, ಕಾಲುವೆಯ ಚಪ್ಪಟೆ ಕಬ್ಬಿಣದ ದೋಣಿಗಳಲ್ಲಿ. ದಂಡೆ ಜಾರುತ್ತದೆ, ಹೊರೆ ಭಾರ. ಕೂಲಿಗಳು ಮುಷ್ಕರ ಹೂಡಿದರು. 1948ರ ಜೂನ್ 16ರಂದು ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಶವಗಳ ಹಿಂದೆ ಜನ ಎನ್‌ಮೋರ್‌ನಿಂದ ಜಾರ್ಜ್‌ಟೌನ್‌ವರೆಗೆ ನಡೆದರು. ದೂರ ಸುಮಾರು 25 ಕಿಲೋಮೀಟರ್. ಜಗನ್ ದಂಪತಿ ಮುಂದಿದ್ದರು. ಇನ್ನು ಬದುಕು ಈ ಜನಕ್ಕಾಗಿಯೇ ಎಂದು ಸಮಾಧಿಯ ಬಳಿ ಮನಸ್ಸಿನಲ್ಲೇ ಪಣ ತೊಟ್ಟೆ ಎಂದು ಜಗನ್ ಬರೆದಿದ್ದಾರೆ.

1950ರಲ್ಲಿ ಪೀಪಲ್ಸ್ ಪ್ರೊಗ್ರೆಸಿವ್ ಪಾರ್ಟಿ ಹುಟ್ಟಿತು. ಚುಟುಕಾಗಿ ಪಿಪಿಪಿ. ಅದರ ಅಧ್ಯಕ್ಷರಾದವರು ಲಂಡನ್ನಿನಲ್ಲಿ ಓದಿ ಬಂದ ವಕೀಲ ಫೋರ್ಬ್ಸ್ ಬರ್ನಮ್, ಆಫ್ರಿಕನ್ ಮೂಲದವರು. ಮಾತಿನ ಮಲ್ಲ. ಭಾರತೀಯ ಮೂಲದ ತೋಟದ ಕೂಲಿಗಳು, ಆಫ್ರಿಕನ್ ಮೂಲದ ಪಟ್ಟಣದ ಕಾರ್ಮಿಕರು, ಇಬ್ಬರೂ ಒಂದೇ ಬಾವುಟದಡಿ ಬಂದರು. 1953ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ವಯಸ್ಕರಿಗೆಲ್ಲ ಮತದ ಹಕ್ಕು. 24 ಸ್ಥಾನಗಳಲ್ಲಿ 18 ಪಿಪಿಪಿಗೆ ಬಂದವು. ಮೊದಲ ಗೆಲುವು.

ಆ ಸರ್ಕಾರ ಬದುಕಿದ್ದು 133 ದಿನ. ಏನು ಮಾಡಿದರು ಅಂಥದ್ದು? ಒಂದು ಕಾರ್ಮಿಕ ಮಸೂದೆ ತಂದರು. ಯಾವ ಸಂಘಕ್ಕೆ ಕೂಲಿಗಳ ಬಹುಮತವಿದೆಯೋ ಅದನ್ನೇ ಮಾಲೀಕರು ಒಪ್ಪಬೇಕು, ಬಹುಮತವನ್ನು ಮತ ಹಾಕಿಸಿ ತಿಳಿಯಬೇಕು. ಇಷ್ಟೇ ಅದರ ತಿರುಳು. ಅಮೆರಿಕದಲ್ಲಿ 1935ರಲ್ಲೇ ಬಂದಿದ್ದ ಕಾಯ್ದೆಯೊಂದು ಅದಕ್ಕೆ ಮಾದರಿ. ಅಕ್ಟೋಬರ್ 8ರಂದು ಸಭೆ ಅದನ್ನು ಒಪ್ಪಿತು. ಅಕ್ಟೋಬರ್ 9ರಂದು ಚರ್ಚಿಲ್ ಸರ್ಕಾರ ಸಂವಿಧಾನವನ್ನೇ ಅಮಾನತು ಮಾಡಿತು. ಕೊಟ್ಟ ಕಾರಣ, ಕಮ್ಯುನಿಸ್ಟರ ಸಂಚು. ಯುದ್ಧನೌಕೆಗಳಲ್ಲಿ ಸೈನಿಕರು ಬಂದಿಳಿದರು. ಇಳಿದು ನೋಡಿದರೆ ಊರು ಎಂದಿನಂತೆ ತಣ್ಣಗಿತ್ತು.

ಜಗನ್, ಬರ್ನಮ್ ಇಬ್ಬರೂ ನ್ಯಾಯ ಕೇಳಲು ಲಂಡನ್ನಿಗೆ ಹೋದರು. ಅಲ್ಲಿಂದ ಭಾರತಕ್ಕೂ ಬಂದು ನೆಹರೂ ಅವರನ್ನು ಕಂಡರು. ಊರಿಗೆ ಮರಳಿದ ಜಗನ್‌ಗೆ ಜಾರ್ಜ್‌ಟೌನ್ ಬಿಟ್ಟು ಹೋಗಬಾರದೆಂಬ ಆಜ್ಞೆ. ಗಾಂಧಿಯವರ ದಾರಿ ಹಿಡಿದು ಆಜ್ಞೆ ಮುರಿದರು, ಆರು ತಿಂಗಳ ಸಜೆ ಬಿತ್ತು. ಜಾನೆಟ್ ಕೂಡ ಜೈಲು ಕಂಡರು.

ಇಲ್ಲಿಯವರೆಗೆ ಕೇಳಿದ್ದನ್ನು ಒಮ್ಮೆ ಜೋಡಿಸಿಕೊಳ್ಳೋಣ. 1953ರಲ್ಲಿ ಗೆದ್ದರು, ಸೈನ್ಯ ಕಳಿಸಿ ಕೆಳಗಿಳಿಸಿದರು. ಆದರೆ ಮುಂದಿನ ಏಟು ಬಿದ್ದದ್ದು ಹೊರಗಿನಿಂದಲ್ಲ. 1955ರಲ್ಲಿ ಪಕ್ಷ ಒಡೆಯಿತು. ಬರ್ನಮ್ ಬೇರೆಯಾದರು. ಅವರ ಜೊತೆ ಆಫ್ರಿಕನ್ ಮೂಲದವರಲ್ಲಿ ಬಹುಪಾಲು ಹೋದರು, ಭಾರತೀಯ ಮೂಲದವರು ಜಗನ್ ಜೊತೆ ಉಳಿದರು. ಅಪನ್ ಜಾತ್, ಅಂದರೆ ನಮ್ಮ ಜಾತಿಗೇ ನಮ್ಮ ಮತ ಎಂಬ ಕೂಗು ಚುನಾವಣೆಗಳಲ್ಲಿ ಕೇಳತೊಡಗಿತು. ಜಗನ್ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಅದರ ಲಾಭ ಬೇಡ ಎಂದವರೂ ಅಲ್ಲ. ಅವರ ಅಭಿಮಾನಿಗಳು ಇದನ್ನು ಮೆಲ್ಲಗೆ ದಾಟಿಬಿಡುತ್ತಾರೆ. ದಾಟಬಾರದು ಎಂದು ನನಗನ್ನಿಸುತ್ತದೆ.

1957ರಲ್ಲಿ ಮತ್ತೆ ಚುನಾವಣೆ, ಜಗನ್ ಮತ್ತೆ ಗೆದ್ದರು. ಆದರೆ ಕೊನೆಯ ಮಾತು ಗವರ್ನರರದೇ. 1961ರಲ್ಲಿ ಮೂರನೆಯ ಸಲ ಗೆದ್ದು ಪ್ರೀಮಿಯರ್ ಆದರು. ಸ್ವಾತಂತ್ರ್ಯ ಇನ್ನೇನು ಬಂತು ಅನ್ನುವಂತಿತ್ತು. ಈಗ ಬ್ರಿಟನ್ನಿಗಿಂತ ಹೆಚ್ಚಾಗಿ ತಲೆಕೆಡಿಸಿಕೊಂಡಿದ್ದು ಅಮೆರಿಕ. ಕ್ಯೂಬಾ ಆಗಲೇ ಕೈತಪ್ಪಿತ್ತು. ಅಕ್ಟೋಬರ್‌ನಲ್ಲಿ ಜಗನ್ ನೆರವು ಕೇಳಲು ವಾಷಿಂಗ್ಟನ್ನಿಗೆ ಹೋದರು. ಅಲ್ಲಿ ಒಂದು ಟೆಲಿವಿಷನ್ ಸಂದರ್ಶನ. ಸೋವಿಯತ್ ರಷ್ಯಾದ ಬಗ್ಗೆ ನೇರ ಪ್ರಶ್ನೆ. ಒಂದೇ ಒಂದು ಟೀಕೆಯ ಮಾತು ಆಡಿದ್ದರೆ ದಾರಿ ಸಲೀಸಾಗುತ್ತಿತ್ತು. ಆಡಲಿಲ್ಲ. ಸುತ್ತಿಬಳಸಿ ಉತ್ತರಿಸಿದರು. ಕೆಲವೇ ದಿನಗಳಲ್ಲಿ ಅಧ್ಯಕ್ಷ ಕೆನಡಿಯವರ ಭೇಟಿ. ಸ್ವಾಗತ ಬೆಚ್ಚಗಿರಲಿಲ್ಲ. ಜಗನ್ ಬರಿಗೈಯಲ್ಲಿ ಮರಳಿದರು.

1962ರ ಬಜೆಟ್ಟಿಗೆ ನಮ್ಮ ದೇಶದ ನಂಟೂ ಇದೆ. ಅದಕ್ಕೆ ಸಲಹೆ ಕೊಟ್ಟವರು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್. ಇವರೇ 1956ರಲ್ಲಿ ಭಾರತದ ತೆರಿಗೆ ಸುಧಾರಣೆಗೂ ವರದಿ ಕೊಟ್ಟವರು. ಆಸ್ತಿಗೆ ತೆರಿಗೆ, ದಾನಕ್ಕೆ ತೆರಿಗೆ, ಸಂಬಳದಲ್ಲಿ ಕಡ್ಡಾಯ ಉಳಿತಾಯ. ಪಟ್ಟಣದ ನೌಕರರು ಸಿಡಿದೆದ್ದರು. ಫೆಬ್ರವರಿ 16ರಂದು ಜಾರ್ಜ್‌ಟೌನ್‌ನ ಪೇಟೆ ಹೊತ್ತಿ ಉರಿಯಿತು. ಮರದ ಕಟ್ಟಡಗಳ ಊರು ಅದು, ಬೆಂಕಿಗೆ ತಡವಾಗಲಿಲ್ಲ. ಹಿಂದೆ ತಮ್ಮನ್ನು ಇಳಿಸಿದ ಬ್ರಿಟಿಷ್ ಸೈನ್ಯವನ್ನೇ ಜಗನ್ ನೆರವಿಗೆ ಕರೆಯಬೇಕಾಯಿತು. ಮರುವರ್ಷ 80 ದಿನಗಳ ಸಾರ್ವತ್ರಿಕ ಮುಷ್ಕರ. ಮುಷ್ಕರದವರ ಹೊಟ್ಟೆಗೆ ಹಣ ಬಂದದ್ದು ಅಮೆರಿಕದ ಕಾರ್ಮಿಕ ಸಂಘಗಳ ಹೆಸರಿನಲ್ಲಿ, ಅದರ ಹಿಂದೆ ಸಿಐಎ. ಇದು ಈಗ ಊಹೆಯಲ್ಲ, ದಾಖಲೆಗಳಲ್ಲೇ ಇದೆ.

ಇಷ್ಟರ ನಡುವೆ ಅವರ ಸರ್ಕಾರ 1963ರಲ್ಲಿ ಗಯಾನಾ ವಿಶ್ವವಿದ್ಯಾಲಯವನ್ನೂ ತೆರೆಯಿತು. ಪಾಠ ಸಂಜೆ ನಡೆಯುತ್ತಿತ್ತು. ವಿರೋಧಿಗಳು ಜಗನ್ನನ ರಾತ್ರಿ ಶಾಲೆ ಎಂದು ನಕ್ಕರು. ಅದು ಇಂದಿಗೂ ನಡೆಯುತ್ತಿದೆ.

ಕೇಳುಗರೇ, ಮೂರು ಗೆಲುವಿನ ಕತೆ ಕೇಳಿದಿರಿ. ಈಗ ಮುಖ್ಯವಾದ ಭಾಗಕ್ಕೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕವಿದೆ, ನಿಧಾನವಾಗಿ ಹೇಳುತ್ತೇನೆ.

1961ರಲ್ಲಿ ಚುನಾವಣೆ ನಡೆದದ್ದು ನಮ್ಮಲ್ಲಿರುವಂತೆ. ಕ್ಷೇತ್ರಕ್ಕೊಬ್ಬ ಸದಸ್ಯ, ಹೆಚ್ಚು ಮತ ಪಡೆದವನು ಗೆದ್ದ. ಜಗನ್ ಪಕ್ಷಕ್ಕೆ ನೂರಕ್ಕೆ 43 ಮತ. ಬರ್ನಮ್ ಪಕ್ಷಕ್ಕೆ 41. ಅಂತರ ಕೂದಲೆಳೆಯಷ್ಟು. ಆದರೆ 35 ಸ್ಥಾನಗಳಲ್ಲಿ ಜಗನ್‌ಗೆ 20, ಬರ್ನಮ್‌ಗೆ 11, ಉಳಿದವು ಉದ್ಯಮಿಗಳ ಮೂರನೆಯ ಪಕ್ಷಕ್ಕೆ. ಈ ಪದ್ಧತಿ ಜಗನ್‌ಗೆ ಲಾಭ ತಂದಿತ್ತು, ನಿಜ. ಬರ್ನಮ್ ಅವರ ದೂರಿನಲ್ಲಿ ಹುರುಳಿತ್ತು. ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲೇ ಸ್ಥಾನ ಹಂಚಬೇಕು ಎಂದು ಅವರು ಕೇಳಿದರು. ಇದಕ್ಕೆ ಪ್ರಮಾಣಾನುಗುಣ ಪ್ರಾತಿನಿಧ್ಯ ಎನ್ನುತ್ತಾರೆ.

1963ರ ಅಕ್ಟೋಬರ್, ಲಂಡನ್ನಿನಲ್ಲಿ ಸಂವಿಧಾನ ಸಮ್ಮೇಳನ. ಮೂರೂ ಪಕ್ಷಗಳ ನಾಯಕರು ಕೂತರು. ಒಮ್ಮತ ಆಗಲಿಲ್ಲ. ಆಗ ವಸಾಹತು ಮಂತ್ರಿ ಡಂಕನ್ ಸ್ಯಾಂಡ್ಸ್ ಮುಂದೆ ಒಂದು ಕಾಗದ ಬಂತು. ನಮ್ಮಿಂದ ಒಪ್ಪಂದ ಸಾಧ್ಯವಾಗಲಿಲ್ಲ, ತಾವೇ ತೀರ್ಮಾನಿಸಿ, ನಾವು ಒಪ್ಪುತ್ತೇವೆ ಎಂಬುದು ಅದರ ಸಾರಾಂಶ. ಕೆಳಗೆ ಮೂವರ ಸಹಿ. ಮೂರರಲ್ಲಿ ಒಂದು ಜಗನ್ ಅವರದು.

ಯಾಕೆ ಸಹಿ ಹಾಕಿದರು? ಸ್ವಾತಂತ್ರ್ಯ ಇನ್ನೂ ತಡವಾಗಬಾರದು ಎಂಬ ತವಕ. ಬ್ರಿಟಿಷರ ನ್ಯಾಯಬುದ್ಧಿಯ ಮೇಲೆ ಕೊಂಚ ನಂಬಿಕೆಯೂ ಇದ್ದಿರಬೇಕು. ಸಾಮ್ರಾಜ್ಯಶಾಹಿಯನ್ನು ದಿನಕ್ಕೆ ನಾಲ್ಕು ಸಲ ಬಯ್ಯುತ್ತಿದ್ದವರು ಅದರ ಮಂತ್ರಿಯ ಕೈಗೇ ಜುಟ್ಟು ಕೊಟ್ಟರು! ಅದೇ ವರ್ಷದ ಜೂನ್‌ನಲ್ಲಿ ಕೆನಡಿ ಇಂಗ್ಲೆಂಡಿಗೆ ಬಂದು ಪ್ರಧಾನಿ ಮ್ಯಾಕ್‌ಮಿಲನ್ ಜೊತೆ ಈ ವಿಷಯ ಮಾತಾಡಿ ಹೋಗಿದ್ದರು. ಜಗನ್ ಕೈಯಲ್ಲಿ ಗಯಾನಾ ಸ್ವತಂತ್ರವಾಗಬಾರದು ಎಂಬುದು ಅವರ ಒತ್ತಾಯ. ಸ್ಯಾಂಡ್ಸ್ ತೀರ್ಪು ಪೂರ್ತಿ ಬರ್ನಮ್ ಕಡೆಗೆ ಬಂತು. ಸ್ವಾತಂತ್ರ್ಯಕ್ಕೆ ಮೊದಲು ಇನ್ನೊಂದು ಚುನಾವಣೆ, ಅದೂ ಹೊಸ ಪದ್ಧತಿಯಲ್ಲಿ. ಮತದ ವಯಸ್ಸನ್ನು 18ಕ್ಕೆ ಇಳಿಸಬೇಕೆಂಬ ಜಗನ್ ಬೇಡಿಕೆಯೂ ಈಡೇರಲಿಲ್ಲ.

1964 ಗಯಾನಾದ ಕರಾಳ ವರ್ಷ. ತೋಟದ ಮುಷ್ಕರ ಜನಾಂಗದ ಕಾದಾಟಕ್ಕೆ ತಿರುಗಿತು. ನೆರೆಮನೆಯವರು ನೆರೆಮನೆಯವರನ್ನೇ ಕೊಂದರು. ಸತ್ತವರು 170ಕ್ಕೂ ಹೆಚ್ಚು. ಮನೆ ಬಿಟ್ಟು ಹೋದವರು ಸುಮಾರು 15 ಸಾವಿರ. ಭಾರತೀಯ ಮೂಲದವರೂ ಆಫ್ರಿಕನ್ ಮೂಲದವರೂ ಬೆರೆತಿದ್ದ ಹಳ್ಳಿಗಳು ಒಂದೊಂದೇ ಜನಾಂಗದ ಹಳ್ಳಿಗಳಾದವು.

ಡಿಸೆಂಬರ್‌ನಲ್ಲಿ ಮತದಾನ. ಈಗ ಅಂಕಿ ಕೇಳಿ. ಜಗನ್ ಪಕ್ಷಕ್ಕೆ ನೂರಕ್ಕೆ 46. ಹಿಂದೆ 43 ಇತ್ತು, ಮೂರು ಏರಿತು. ಬರ್ನಮ್‌ಗೆ ಹಿಂದಿನಷ್ಟೇ, ಸುಮಾರು 41. ಆದರೆ 53 ಸ್ಥಾನಗಳಲ್ಲಿ ಜಗನ್‌ಗೆ 24, ಬರ್ನಮ್‌ಗೆ 22, ಉದ್ಯಮಿಗಳ ಮೂರನೆಯ ಪಕ್ಷಕ್ಕೆ 7. 22ಕ್ಕೆ 7 ಸೇರಿತು. ಬರ್ನಮ್ ಪ್ರೀಮಿಯರ್. ಕಡಿಮೆ ಮತ ಬಂದಾಗ ಗೆದ್ದಿದ್ದ ಜಗನ್, ಮತ ಹೆಚ್ಚಾದಾಗ ಸೋತರು. ರಾಜೀನಾಮೆ ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ಲಂಡನ್ನಿನಿಂದ ಆಜ್ಞೆ ತರಿಸಿ ತೆಗೆಯಬೇಕಾಯಿತು. 1966ರ ಮೇ 26ರಂದು ಗಯಾನಾ ಸ್ವತಂತ್ರವಾದಾಗ ಅವರು ವಿರೋಧ ಪಕ್ಷದ ನಾಯಕರು.

ಇಲ್ಲಿಂದ ಮುಂದಿನ 28 ವರ್ಷದ ಕತೆಯನ್ನು ಬೇಗ ಹೇಳುತ್ತೇನೆ. ಮೊದಲು ನಿಯಮ ಬದಲಾಯಿಸಿ ಸೋಲಿಸಿದ್ದರು. ಈಗ ನಿಯಮದ ಹಂಗೂ ಉಳಿಯಲಿಲ್ಲ. 1968ರ ಚುನಾವಣೆಯಲ್ಲಿ ವಿದೇಶದಲ್ಲಿರುವ ಗಯಾನಾದವರಿಗೂ ಮತ. ಬ್ರಿಟನ್ನಿನ ಟೆಲಿವಿಷನ್ ತಂಡವೊಂದು ಆ ಮತದಾರರ ವಿಳಾಸ ಹುಡುಕಿ ಹೊರಟಿತು. ಹೆಚ್ಚಿನವರು ಸಿಗಲೇ ಇಲ್ಲ. ಮ್ಯಾಂಚೆಸ್ಟರಿನ ಒಂದು ವಿಳಾಸದಲ್ಲಿ ಮನೆಯೇ ಇರಲಿಲ್ಲ. ರೈಲು ಹಳಿಯ ಪಕ್ಕದ ಬಯಲು, ಎರಡು ಕುದುರೆ ಮೇಯುತ್ತಿದ್ದವು. 1973ರಲ್ಲಿ ಮತಪೆಟ್ಟಿಗೆಗಳನ್ನು ಸೈನ್ಯ ಹೊತ್ತೊಯ್ದಿತು. ಪೆಟ್ಟಿಗೆ ಕಾಯಲು ನಿಂತ ಇಬ್ಬರು ಪಿಪಿಪಿ ಕಾರ್ಯಕರ್ತರು ಗುಂಡಿಗೆ ಬಲಿಯಾದರು. 1980, 1985ರಲ್ಲೂ ಅದೇ ಪಾಡು.

ತಮಾಷೆ ಏನು ಗೊತ್ತೇ? ಜಗನ್ ಬಂದರೆ ಎಲ್ಲವನ್ನೂ ರಾಷ್ಟ್ರೀಕರಣ ಮಾಡಿಬಿಡುತ್ತಾರೆ ಎಂಬ ಭಯದಿಂದ ಬರ್ನಮ್ ಅವರನ್ನು ತಂದರು. ಬರ್ನಮ್ ಬಾಕ್ಸೈಟ್ ಗಣಿಗಳನ್ನು ರಾಷ್ಟ್ರೀಕರಿಸಿದರು. 1976ರಲ್ಲಿ ಬೂಕರ್ಸ್ ತೋಟಗಳನ್ನೂ ತೆಗೆದುಕೊಂಡರು. ವಿದೇಶಿ ವಿನಿಮಯ ಬರಿದಾದಾಗ ಗೋಧಿ ಹಿಟ್ಟಿನ ಆಮದನ್ನೇ ನಿಷೇಧಿಸಿದರು. ರೊಟ್ಟಿಯಿಲ್ಲದೆ ಊಟವಿಲ್ಲ ಎನ್ನುವ ಭಾರತೀಯ ಮೂಲದವರ ಮನೆಗಳಲ್ಲಿ ಅಕ್ಕಿ ಹಿಟ್ಟು ಬೇಯತೊಡಗಿತು. ಗೋಧಿ ಹಿಟ್ಟು ಗಡಿಯಾಚೆಯಿಂದ ಕಳ್ಳಸಾಗಣೆಯಲ್ಲಿ ಬರುತ್ತಿತ್ತು. ಸಾವಿರಾರು ಜನ ಟೊರಾಂಟೊ, ನ್ಯೂಯಾರ್ಕ್ ಸೇರಿದರು.

ಜಗನ್ ಹೋಗಲಿಲ್ಲ. ಬಂದೂಕನ್ನೂ ಹಿಡಿಯಲಿಲ್ಲ. ಮಾಸ್ಕೊ ಕಡೆಗೆ ಇನ್ನಷ್ಟು ವಾಲಿದರು, 1969ರಲ್ಲಿ ಪಕ್ಷವನ್ನು ಬಹಿರಂಗವಾಗಿಯೇ ಕಮ್ಯುನಿಸ್ಟ್ ಸಾಲಿಗೆ ಸೇರಿಸಿದರು. ಅದು ಅವರಿಗೆ ಒಳಿತು ಮಾಡಲಿಲ್ಲ. ಆದರೂ ಪ್ರತಿ ಚುನಾವಣೆಯಲ್ಲಿ ಹಳ್ಳಿಹಳ್ಳಿ ತಿರುಗುತ್ತಿದ್ದರು. ಪೆಟ್ಟಿಗೆ ಕಳುವಾಗುತ್ತದೆ ಎಂದು ಗೊತ್ತಿದ್ದೂ ಮತ ಕೇಳುವುದಕ್ಕೆ ಎಂಥ ಮನಸ್ಸು ಬೇಕು?

ಬರ್ನಮ್ 1985ರಲ್ಲಿ ತೀರಿಕೊಂಡರು. ಶೀತಲ ಸಮರ ಮುಗಿಯಿತು. ಅಮೆರಿಕಕ್ಕೆ ಜಗನ್ ಬಗ್ಗೆ ಭಯ ಉಳಿಯಲಿಲ್ಲ. 1990ರಲ್ಲಿ ನ್ಯೂಯಾರ್ಕಿನ ಒಂದು ಸಭೆಯಲ್ಲಿ ಕೆನಡಿಯವರ ಹಳೆಯ ಸಲಹೆಗಾರ, ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್, ಜಗನ್ ಎದುರೇ ತಮ್ಮ ಅಂದಿನ ಪಾತ್ರಕ್ಕೆ ವಿಷಾದ ಹೇಳಿದರು. ಅದೇ ವರ್ಷ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಗಯಾನಾಕ್ಕೆ ಬಂದರು. ಅವರು ಬರ್ನಮ್ ನಂತರದ ಅಧ್ಯಕ್ಷ ಡೆಸ್ಮಂಡ್ ಹೊಯ್ಟ್ ಅವರನ್ನು ಒಪ್ಪಿಸಿದ ಸಂಗತಿಗಳಲ್ಲಿ ಮುಖ್ಯವಾದದ್ದು ಒಂದು. ಮತಗಳನ್ನು ಮತಗಟ್ಟೆಯಲ್ಲೇ, ಎಲ್ಲ ಪಕ್ಷದವರ ಎದುರೇ ಎಣಿಸಬೇಕು. ಪೆಟ್ಟಿಗೆ ಎಲ್ಲಿಗೂ ಸಾಗಕೂಡದು. ನೋಡಿ, 28 ವರ್ಷದ ಬೀಗಕ್ಕೆ ಇಷ್ಟೇ ಕೀಲಿಕೈ.

1992ರ ಅಕ್ಟೋಬರ್ 5ರಂದು ಮತದಾನ. ಜಾರ್ಜ್‌ಟೌನ್‌ನಲ್ಲಿ ಉದ್ರಿಕ್ತ ಗುಂಪೊಂದು ಚುನಾವಣಾ ಆಯೋಗದ ಕಚೇರಿಗೆ ಕಲ್ಲು ತೂರಿತು. ಕಾರ್ಟರ್ ಆ ಕಟ್ಟಡ ಬಿಟ್ಟು ಕದಲಲಿಲ್ಲ. ಎಣಿಕೆ ಮುಗಿದಾಗ ಜಗನ್ ಪಕ್ಷಕ್ಕೆ ನೂರಕ್ಕೆ 53ಕ್ಕೂ ಹೆಚ್ಚು. ಅವರನ್ನು ಸೋಲಿಸಲೆಂದು ತಂದ ಪದ್ಧತಿಯಲ್ಲೇ ಈ ಸಲ ಗೆದ್ದರು. ಅಕ್ಟೋಬರ್ 9ರಂದು ಅಧ್ಯಕ್ಷರಾಗಿ ಪ್ರಮಾಣವಚನ. 1953ರಲ್ಲಿ ಸಂವಿಧಾನ ಅಮಾನತಾದದ್ದೂ ಅಕ್ಟೋಬರ್ 9ರಂದೇ. ನಡುವೆ 39 ವರ್ಷ. ಅವರಿಗೆ 74 ತುಂಬಿತ್ತು.

ಕೈಗೆ ಬಂದದ್ದು ಸಾಲದಲ್ಲಿ ಮುಳುಗಿದ ದೇಶ. ವಿದೇಶಿ ಸಾಲ 200 ಕೋಟಿ ಡಾಲರಿಗೂ ಹೆಚ್ಚು. ಹಳೆಯ ಮಾರ್ಕ್ಸ್‌ವಾದಿ ಈಗ ಸಾಲ ಮನ್ನಾ ಮಾಡಿ ಎಂದು ಪಾಶ್ಚಾತ್ಯ ರಾಜಧಾನಿಗಳನ್ನು ಸುತ್ತಬೇಕಾಯಿತು. ನಡುವೆ 1994ರಲ್ಲಿ ಒಂದು ಪ್ರಸಂಗ. ಅಮೆರಿಕ ತನ್ನ ಹೊಸ ರಾಯಭಾರಿಯಾಗಿ ಒಬ್ಬರ ಹೆಸರು ಸೂಚಿಸಿತು. ಆಸಾಮಿ ಯಾರೆಂದರೆ, 1960ರ ದಶಕದಲ್ಲಿ ಜಗನ್ ವಿರುದ್ಧದ ಮುಷ್ಕರಗಳ ಬೆನ್ನಿಗಿದ್ದ ಅಮೆರಿಕದ ಕಾರ್ಮಿಕ ಸಂಸ್ಥೆಯ ಮುಂದಾಳು! ಜಗನ್ ಆಕ್ಷೇಪಿಸಿದರು. ಹೆಸರು ಸದ್ದಿಲ್ಲದೆ ಹಿಂದಕ್ಕೆ ಹೋಯಿತು. ವಾಷಿಂಗ್ಟನ್ನಿನ ಕಡತಗಳಲ್ಲಿದ್ದದ್ದನ್ನು ವಾಷಿಂಗ್ಟನ್ನಿಗೆ ಜಗನ್ನರೇ ನೆನಪಿಸಬೇಕಾಯಿತು.

1997ರ ಮಾರ್ಚ್ 6ರಂದು ವಾಷಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹುಟ್ಟೂರು ಪೋರ್ಟ್ ಮೌರಂಟ್ ಬಳಿ ಹಿಂದೂ ಪದ್ಧತಿಯಂತೆ ದಹನವಾಯಿತು. ಆ ವರ್ಷದ ಕೊನೆಗೆ ಜಾನೆಟ್ ಅಧ್ಯಕ್ಷರಾದರು. ಅವರ ವಿರುದ್ಧ ರಾಜಧಾನಿಯ ಬೀದಿಗಳಲ್ಲಿ ಮತ್ತೆ ಗಲಭೆ, ಅದೂ ಹೆಚ್ಚುಕಡಿಮೆ 1955ರ ಒಡಕಿನ ಗೆರೆಯ ಮೇಲೆಯೇ. ಆ ಗೆರೆಯನ್ನು ಅಳಿಸಲು ಜಗನ್ ಕೈಯಲ್ಲಾಗಲಿಲ್ಲ.

2020ರ ಮಾರ್ಚ್ 2ರಂದು ಗಯಾನಾ ಮತ್ತೆ ಮತ ಹಾಕಿತು. ಆ ಹೊತ್ತಿಗೆ ಕಡಲಿನಲ್ಲಿ ತೈಲ ಸಿಕ್ಕಿತ್ತು, ಪಣ ದೊಡ್ಡದಾಗಿತ್ತು. ಮತಗಟ್ಟೆಗಳ ಎಣಿಕೆಯೇ ಒಂದು, ರಾಜಧಾನಿ ಇರುವ ಜಿಲ್ಲೆಯ ಅಧಿಕಾರಿ ಓದಿದ ಅಂಕಿಯೇ ಇನ್ನೊಂದು. ಪಕ್ಷಗಳ ಕೈಯಲ್ಲಿ ಪ್ರತಿ ಮತಗಟ್ಟೆಯ ಲೆಕ್ಕದ ಪ್ರತಿಗಳಿದ್ದವು. ಅವನ್ನು ಮುಂದಿಟ್ಟು ಜಗಳಕ್ಕೆ ನಿಂತರು. ವ್ಯಾಜ್ಯ ಕೆರಿಬಿಯನ್ ನ್ಯಾಯಾಲಯದವರೆಗೆ ಹೋಯಿತು. ಪೆಟ್ಟಿಗೆಗಳನ್ನು ತೆರೆದು ಒಂದೊಂದೇ ಚೀಟಿ ಮತ್ತೆ ಎಣಿಸಲು ಒಂದು ತಿಂಗಳು ಹಿಡಿಯಿತು. ಆಗಸ್ಟ್ 2ರಂದು, ಐದು ತಿಂಗಳ ಮೇಲೆ, ಫಲಿತಾಂಶ ಘೋಷಣೆಯಾಯಿತು. ಗೆದ್ದದ್ದು ಜಗನ್ ಕಟ್ಟಿದ ಪಕ್ಷ.